ಕುಮಾಸಿಯಿಂದ ಬಂದ ಮೂರು ಬೊಂಬೆಗಳು: ತಲೆಯ ಆಕಾರ ನೋಡಿ ತೀರ್ಮಾನಿಸಬಹುದೇ?

ಪ್ರಶ್ನೆ: ನಮ್ಮ ಮಾವನವರು 1974ರಿಂದ 1979ರವರೆಗೆ ಘಾನಾ ದೇಶದ ಕುಮಾಸಿಯಲ್ಲಿ ಮೇಷ್ಟರಾಗಿದ್ದರು. ವಾಪಸ್ ಬರುವಾಗ ಮೂರು ಮರದ ಬೊಂಬೆ ತಂದಿದ್ದರು. ಅವರು ತೀರಿಹೋದ ಮೇಲೆ ಶೋಕೇಸಿನಿಂದ ತೆಗೆದು ಟ್ರಂಕಿಗೆ ಹಾಕಿದ್ದೆವು. ಈಗ ಮನೆ ಬದಲಾಯಿಸುವಾಗ ಹೊರಗೆ ಬಂದಿವೆ. ಒಂದಕ್ಕೆ ಚಪ್ಪಟೆಯಾದ ದುಂಡು ತಲೆ, ಕುತ್ತಿಗೆ ತುಂಬ ಉಂಗುರ, ಮೊಂಡು ಕೈ. ಕಾಲಿಲ್ಲ. ಮಣಿಸರ ಇದೆ. ಇನ್ನೊಂದಕ್ಕೆ ಉದ್ದನೆಯ ಚೌಕು ತಲೆ, ಕೈಯೇ ಇಲ್ಲ. ಅದರಿಂದ ಸಣ್ಣ ಪುಡಿ ಉದುರುತ್ತಿದೆ. ಮೂರನೆಯದರ ತಲೆಯೂ ದುಂಡಗಿದೆ, ಆದರೆ ಕಾಲು, ಪಾದ ಎಲ್ಲ ಇದೆ. ಫಳಫಳ ಹೊಳೆಯುತ್ತದೆ, ಭಾರವೂ ಹೌದು. ಆನ್‌ಲೈನಿನಲ್ಲಿ ಫೋಟೋ ನೋಡಿದ ಒಬ್ಬ ವ್ಯಾಪಾರಿ ಮೊದಲನೆಯದು “19ನೇ ಶತಮಾನದ ಅಸಾಂಟೆ ಬೊಂಬೆ, ಎಬೊನಿ ಮರದ್ದು” ಎಂದು ಬೆಲೆ ಕೇಳಿದರು. ಅಸಾಂಟೆ ಅಂದರೆ ಕುಮಾಸಿ ಸುತ್ತಲಿನ ಜನ, ಎಬೊನಿ ಅಂದರೆ ಒಳಗೂ ಕಪ್ಪಗಿರುವ ಗಟ್ಟಿ ಮರವಂತೆ. ಇನ್ನೊಬ್ಬರು “ದುಂಡು ತಲೆ ಹೆಣ್ಣುಮಗುವಿಗೆ, ಚೌಕು ತಲೆ ಗಂಡುಮಗುವಿಗೆ, ಇವು ಜೋಡಿ” ಅಂದರು. ನನ್ನ ಮಗ ಅನುಮಾನ ಬಂದು ದುಂಡು ತಲೆಯ ಬೊಂಬೆಯ ತಳವನ್ನು ಬ್ಲೇಡಿನಿಂದ ಕೆರೆದು ನೋಡಿದ. ಒಳಗೆ ಬಿಳಿ ಮರ! ಹಾಗಾದರೆ ಬಣ್ಣ ಬಳಿದ ನಕಲಿ ಅಲ್ವಾ? ಇದರ ಮಧ್ಯೆ ನಮ್ಮ ಅತ್ತಿಗೆ, ಇವು ಮಾಟದ ಬೊಂಬೆಗಳು, ಮನೆಯಲ್ಲಿ ಇಡಬೇಡಿ ಅನ್ನುತ್ತಿದ್ದಾರೆ. ಇವು ಯಾವ ಶೈಲಿಯವು? ಹಳೆಯವಾ? ಎಣ್ಣೆ ಹಚ್ಚಬಹುದಾ? ಮಾರಬಹುದಾ? ಫೋಟೋಗಳನ್ನು ಕಳಿಸಿದ್ದೇನೆ.
— ಮೈಸೂರಿನ ಒಬ್ಬ ಓದುಗರು

ಉತ್ತರ: ಮೊದಲು ಆ ಪುಡಿಯ ವಿಷಯ ಮುಗಿಸೋಣ. ಶೈಲಿ, ವಯಸ್ಸು, ಬೆಲೆ ಎಲ್ಲ ಒಂದು ತಿಂಗಳು ತಡವಾದರೂ ನಡೆಯುತ್ತದೆ. ಹುಳು ಮಾತ್ರ ಕಾಯುವುದಿಲ್ಲ.

ಚೌಕು ತಲೆಯ ಬೊಂಬೆಗೆ ಕುಟ್ಟೆ ಹಿಡಿದಿರುವ ಹಾಗೆ ಕಾಣುತ್ತದೆ. ಆದರೆ ಉದುರುವ ಪುಡಿಯೆಲ್ಲ ಹೊಸದೇ ಇರಬೇಕೆಂದಿಲ್ಲ. ಎಂದೋ ಹುಳು ಕೊರೆದು ಬಿಟ್ಟುಹೋದ ತೂತುಗಳಲ್ಲಿ ಕೂತಿದ್ದ ಪುಡಿ, ಟ್ರಂಕು ಎತ್ತಿ ಇಳಿಸುವಾಗ ಅಲುಗಾಡಿ ಬಿದ್ದಿರಬಹುದು. ಪತ್ತೆ ಹಚ್ಚುವುದು ಸುಲಭ. ಬೊಂಬೆಯನ್ನು ಮೆತ್ತಗೆ ತಟ್ಟಿ ಇದ್ದ ಪುಡಿ ಉದುರಿಸಿ. ಕಪ್ಪು ಹಾಳೆಯ ಮೇಲೆ ನಿಲ್ಲಿಸಿ ಹತ್ತು ದಿನ ಮುಟ್ಟದೆ ಬಿಡಿ. ತಿಳಿ ಬಣ್ಣದ ನಯವಾದ ಪುಡಿ ಮತ್ತೆ ಸಣ್ಣ ಸಣ್ಣ ಗುಡ್ಡೆಯಾಗಿ ಬಿದ್ದಿದ್ದರೆ ಒಳಗೆ ಹುಳು ಬದುಕಿದೆ ಎಂದೇ ಅರ್ಥ. ಅಲ್ಲಿಯವರೆಗೆ ಉಳಿದೆರಡು ಬೊಂಬೆಗಳಿಂದ, ಮನೆಯ ಮರದ ಸಾಮಾನುಗಳಿಂದ ಅದನ್ನು ದೂರ ಇಡಿ.

ಹುಳು ಇದ್ದರೆ ಸೀಮೆಎಣ್ಣೆ ಬಿಡುವುದು, ಗೆದ್ದಲಿನ ಔಷಧಿಯನ್ನು ಸಿರಿಂಜಿನಲ್ಲಿ ಹಾಕುವುದು ಬೇಡ. ಹಗುರ ಮರ ಅದನ್ನೆಲ್ಲ ಹೀರಿಕೊಂಡು ಕಲೆಯಾಗುತ್ತದೆ, ಆ ಕಲೆ ಹೋಗುವುದಿಲ್ಲ. ನಾವು ಮ್ಯೂಸಿಯಂ ಕೆಲಸದಲ್ಲಿ ಹೆಚ್ಚಾಗಿ ಮಾಡುವುದು ಚಳಿಯ ಚಿಕಿತ್ಸೆ. ಬೊಂಬೆಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಆದಷ್ಟು ಗಾಳಿ ಹೊರಡಿಸಿ, ಟೇಪು ಹಾಕಿ ಮುಚ್ಚಬೇಕು. ಆಮೇಲೆ ಮೈನಸ್ 18ರಿಂದ 20 ಡಿಗ್ರಿಯಲ್ಲಿರುವ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಬೇಕು. ಮನೆಯ ಫ್ರಿಜ್ಜಿನ ಮೇಲಿನ ಖಾನೆ ಸಾಲದು, ದಿನಕ್ಕೆ ಹತ್ತು ಸಲ ಬಾಗಿಲು ತೆಗೆಯುತ್ತೀರಲ್ಲ. ಹೊರಗೆ ತೆಗೆದ ಮೇಲೆ ಒಂದು ಪೂರ್ತಿ ದಿನ ಕವರ್ ಬಿಚ್ಚಬೇಡಿ. ನೀರಿನ ಹನಿ ಕವರಿನ ಹೊರಗೆ ಕೂರಲಿ, ಮರದ ಮೇಲೆ ಬೇಡ. ಬೊಂಬೆಗೆ ಎಲ್ಲಾದರೂ ಅಂಟು ಹಾಕಿ ಜೋಡಿಸಿದ್ದರೆ ಅಥವಾ ಬಣ್ಣ ಎದ್ದು ಬರುತ್ತಿದ್ದರೆ ಈ ಕೆಲಸ ಮನೆಯಲ್ಲಿ ಮಾಡಬೇಡಿ. ಮೈಸೂರಿನಲ್ಲೇ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರವಿದೆ, ಅಲ್ಲಿ ವಿಚಾರಿಸಿ.

ಇನ್ನು ಅತ್ತಿಗೆಯವರ ಭಯ. ಆಫ್ರಿಕಾದ ಮರದ ಬೊಂಬೆ ಎಂದರೆ ಮಾಟ, ಮೊಳೆ, ಸೂಜಿ ಎಂಬ ಚಿತ್ರ ಸಿನಿಮಾಗಳಿಂದ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಈ ಬೊಂಬೆಗಳ ಸಂಗತಿ ಪೂರ್ತಿ ಬೇರೆ. ಇವುಗಳನ್ನು ಅಕುವಾಬಾ ಅನ್ನುತ್ತಾರೆ. ಅಲ್ಲಿ ಹೇಳುವ ಕಥೆ ಹೀಗಿದೆ: ಅಕುವಾ ಎಂಬ ಹೆಂಗಸಿಗೆ ಮಕ್ಕಳಾಗಲಿಲ್ಲ. ಪೂಜಾರಿಯ ಹತ್ತಿರ ಹೋದಳು. ಒಂದು ಪುಟ್ಟ ಮರದ ಮಗು ಕೆತ್ತಿಸಿಕೋ, ಸ್ವಂತ ಮಗುವಿನ ಹಾಗೆ ಬೆನ್ನಿಗೆ ಕಟ್ಟಿಕೊಂಡು ಸಾಕು ಎಂದು ಅವನು ಹೇಳಿದ. ಊರಿನವರು “ನೋಡ್ರೋ ಅಕುವಾಳ ಮಗು” ಎಂದು ಆಡಿಕೊಂಡು ನಕ್ಕರು. ಕೊನೆಗೆ ಅವಳಿಗೆ ನಿಜವಾಗಿ ಹೆಣ್ಣುಮಗು ಹುಟ್ಟಿತು. ನಕ್ಕವರೇ ಆಮೇಲೆ ಕೆತ್ತಿಸಿಕೊಳ್ಳಲು ಶುರು ಮಾಡಿದರು, ಅವಳ ಹೆಸರೇ ಬೊಂಬೆಗೆ ಉಳಿಯಿತು.

ಅಂದರೆ ಇದು ನಮ್ಮ ದೇವಸ್ಥಾನಗಳಲ್ಲಿ ಮಕ್ಕಳಾಗಲೆಂದು ಕಟ್ಟುವ ಹರಕೆ ತೊಟ್ಟಿಲಿನ ಜಾತಿಗೆ ಸೇರಿದ್ದು, ಯಾರಿಗೂ ಕೆಡುಕು ಬಯಸುವ ವಸ್ತು ಅಲ್ಲ. ಹೆಂಗಸರು ಬೊಂಬೆಗೆ ಮಣಿ ತೊಡಿಸುತ್ತಿದ್ದರು, ಸೀರೆಯಂಥ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದರು. ಹೆರಿಗೆಯಾದ ಮೇಲೆ ಕೆಲವರು ಬೊಂಬೆಯನ್ನು ಗುಡಿಗೆ ಒಪ್ಪಿಸುತ್ತಿದ್ದರು. ಅಲ್ಲಿ ಅಂಥ ಬೊಂಬೆಗಳ ಸಾಲೇ ಇರುತ್ತಿತ್ತು, ಅದನ್ನು ನೋಡಿದವರಿಗೆ ಪೂಜಾರಿಯ ಮೇಲೆ ನಂಬಿಕೆ ಹೆಚ್ಚುತ್ತಿತ್ತು. ಇನ್ನು ಕೆಲವರು ಹುಟ್ಟಿದ ಮಗುವಿಗೇ ಆಡಲು ಕೊಡುತ್ತಿದ್ದರು. ನಿಮ್ಮ ಮನೆಯ ಮಕ್ಕಳು ಇದನ್ನು ಹಿಡಿದು ಆಡಿದ್ದರೆ ಅದರಲ್ಲಿ ಅಪಚಾರವೇನೂ ಇಲ್ಲ. ಮಣಿ ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಂಡರೆ ಸಾಕು.

ಈಗ ಬಿಳಿ ಮರಕ್ಕೆ ಬರೋಣ. ನಿಮ್ಮ ಪತ್ರ ಓದಿದಾಗ ನನಗೆ ಹೆಚ್ಚು ಖುಷಿ ಕೊಟ್ಟ ಸಾಲು ಅದೇ. ಮಗನಿಗೆ ಬೈಯಬೇಡಿ. ಆದರೆ ಬ್ಲೇಡು ಕಿತ್ತಿಟ್ಟುಕೊಳ್ಳಿ.

ಅಸಾಂಟೆ ಬೊಂಬೆ ಎಬೊನಿಯದಾಗಿರಬೇಕು, ಒಳಗೂ ಕಪ್ಪಗಿರಬೇಕು ಎಂಬುದು ಅಂಗಡಿಯವರು ಹುಟ್ಟುಹಾಕಿದ ನಂಬಿಕೆ. ಅಲ್ಲಿನ ಕೆತ್ತನೆಗಾರರು ಇಂಥ ಬೊಂಬೆಗಳಿಗೆ, ತಮ್ಮ ಪ್ರಸಿದ್ಧ ಕಾಲುಮಣೆಗಳಿಗೆ ಹಿಂದಿನಿಂದಲೂ ಬಳಸಿಕೊಂಡು ಬಂದಿರುವುದು ಸೆಸೆ ಎಂಬ ಹಗುರವಾದ, ಬೆಳ್ಳಗಿನ ಮರ. ಕಡಿದರೆ ಹಾಲು ಬರುವ ಜಾತಿ. ನಮ್ಮ ಚನ್ನಪಟ್ಟಣದ ಬೊಂಬೆಗಳ ಆಲೆ ಮರ ಕೂಡ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದೇ ಕುಟುಂಬದ್ದು. ನುಣುಪಾದ ಎಳೆ, ಉಳಿಗೆ ಸುಲಭವಾಗಿ ಬಗ್ಗುತ್ತದೆ, ಬೆನ್ನಿಗೆ ಕಟ್ಟಿಕೊಂಡರೆ ಭಾರ ಎನಿಸುವುದಿಲ್ಲ. ಕೆತ್ತಿ ಮುಗಿದ ಮೇಲೆ ಮಸಿ, ಗಿಡಗಳ ರಸ ಹಾಕಿ ಕಪ್ಪು ಮಾಡುತ್ತಿದ್ದರು. ಹಾಗಾಗಿ ಬೊಂಬೆಯ ಕಪ್ಪು ಯಾವಾಗಲೂ ಹೊರಗಿನಿಂದ ಬಂದದ್ದೇ. ತಳ ಕೆರೆದಾಗ ಬಿಳಿ ಕಂಡದ್ದು ಒಳ್ಳೆಯ ಲಕ್ಷಣ. ವ್ಯಾಪಾರಿ “ಎಬೊನಿ” ಅಂದದ್ದು, ಅವರಿಗೆ ವಸ್ತುವೇ ಗೊತ್ತಿಲ್ಲ ಅನ್ನುವುದರ ಲಕ್ಷಣ.

ಹಾಗೆಂದು ಬಿಳಿ ಮರ ಇದ್ದ ಮಾತ್ರಕ್ಕೆ ಹಳೆಯದು ಎಂದೂ ಅಲ್ಲ. ಇವತ್ತು ಕುಮಾಸಿಯ ಹೊರವಲಯದಲ್ಲಿ, ಮಾಂಪೊಂಗ್ ರಸ್ತೆಯ ಅಹ್ವಿಯಾ ಎಂಬ ಊರಿನಲ್ಲಿ ಕೆತ್ತುವವರೂ ಬಿಳಿ ಮರವನ್ನೇ ಕೆತ್ತುತ್ತಾರೆ. ಆ ಕಪ್ಪು ಯಾವುದರದ್ದು, ಹೇಗೆ ಕೂತಿದೆ ಎಂಬುದರಲ್ಲಿ ವ್ಯತ್ಯಾಸ ಇರುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಶೈಲಿಯ ಪ್ರಶ್ನೆ. ಪುಸ್ತಕದ ಉತ್ತರ ಎರಡು ಸಾಲಿನದು. ಘಾನಾದಲ್ಲಿ ಅಕಾನ್ ಭಾಷೆ ಆಡುವ ಗುಂಪುಗಳಲ್ಲಿ ಕುಮಾಸಿಯ ಸುತ್ತಲಿನ ಅಸಾಂಟೆಯವರದು ದುಂಡು ತಲೆ, ಕರಾವಳಿಯ ಫಾಂಟೆಯವರದು ಉದ್ದನೆಯ ಆಯತದ ತಲೆ, ಅಸಾಂಟೆಗೆ ಉತ್ತರದಲ್ಲಿರುವ ಬೋನೊ ಜನರದು ತ್ರಿಕೋನದ ಕಡೆಗೆ ವಾಲುವ ತಲೆ. ಇದು ಸುಳ್ಳಲ್ಲ. ಆದರೆ ಇಷ್ಟನ್ನೇ ಇಟ್ಟುಕೊಂಡು ತೀರ್ಪು ಕೊಡುವವರು ಎಡವುತ್ತಾರೆ. ಕೆತ್ತನೆಗಾರರು ಊರು ಬದಲಿಸುತ್ತಿದ್ದರು, ಕೆತ್ತಿಸುವವರು ದೂರದಿಂದಲೂ ಬರುತ್ತಿದ್ದರು, ಅಸಾಂಟೆ ಸೀಮೆಯಲ್ಲೇ ಅಂಡಾಕಾರದ, ಚೌಕದ ತಲೆಗಳೂ ಆಗಿವೆ. ಮಾರುಕಟ್ಟೆ ಬೆಳೆದ ಮೇಲಂತೂ ಒಂದೇ ಜಗಲಿಯಲ್ಲಿ ಕೂತವನು ಬೆಳಿಗ್ಗೆ ದುಂಡು ತಲೆ, ಮಧ್ಯಾಹ್ನ ಚೌಕು ತಲೆ ಕೆತ್ತುತ್ತಾನೆ. ತಲೆಯ ಆಕಾರ ಹೇಳುವುದು ವಿನ್ಯಾಸ ಎಲ್ಲಿಯದು ಎಂದು. ನಿಮ್ಮ ಕೈಯಲ್ಲಿರುವ ಮರದ ತುಂಡು ಎಲ್ಲಿ, ಯಾವಾಗ ಕೆತ್ತಿದ್ದು ಎಂದು ಅದು ಹೇಳುವುದಿಲ್ಲ.

ಹಾಗಾಗಿ ನಾನು ಮುಂಭಾಗದ ಫೋಟೋ ಕೊನೆಗೆ ನೋಡುತ್ತೇನೆ. ಮೊದಲು ಪಕ್ಕದಿಂದ, ಆಮೇಲೆ ಹಿಂದೆ, ಆಮೇಲೆ ತಳ. ನಕಲು ಮಾಡುವವರು ಮುಖದ ಮೇಲೆ ಶ್ರಮ ಹಾಕುತ್ತಾರೆ, ಉಳಿದ ಕಡೆ ಕೈ ಬಿಗಿ ಮಾಡುತ್ತಾರೆ.

ನಿಮ್ಮ ಮೊದಲನೆಯ ಬೊಂಬೆಯನ್ನು ಹಾಗೇ ನೋಡೋಣ. ಪಕ್ಕದಿಂದ ತೆಗೆದ ಫೋಟೋದಲ್ಲಿ ತಲೆಯ ಬಿಲ್ಲೆ ಎಲ್ಲ ಕಡೆ ಒಂದೇ ದಪ್ಪ ಇಲ್ಲ. ಕುತ್ತಿಗೆಯ ಹತ್ತಿರ ದಪ್ಪ, ಮೇಲೆ ಹೋದಂತೆ ತೆಳು, ಒಟ್ಟು ತಲೆ ಸ್ವಲ್ಪ ಹಿಂದಕ್ಕೆ ವಾಲಿದೆ. ವೃತ್ತವೂ ಪಕ್ಕಾ ವೃತ್ತವಲ್ಲ, ಎಡಗಡೆ ಚೂರು ಒಳಗೆ ಒತ್ತಿದೆ. ಬಾಚಿಯಿಂದ ಸವರಿ, ಚಾಕುವಿನಿಂದ ತಿದ್ದಿದವನ ಕೈ ಅದು. ಹುಬ್ಬುಗಳೆರಡೂ ಬಿಲ್ಲಿನಂತೆ ಬಾಗಿ ಬಂದು ಮೂಗಿನಲ್ಲಿ ಸೇರಿವೆ. ಕಣ್ಣು, ಮೂಗು, ಬಾಯಿ ಎಲ್ಲ ಬಿಲ್ಲೆಯ ಕೆಳಗಿನ ಅರ್ಧದಲ್ಲೇ ಮುಗಿದಿವೆ, ಮೇಲಿನ ಅರ್ಧ ಪೂರ್ತಿ ಹಣೆ. ಇದು ಅಸಾಂಟೆ ಬೊಂಬೆಯ ಗಟ್ಟಿ ಗುರುತು. ಅಗಲವಾದ, ಎತ್ತರದ ಹಣೆ ಅಲ್ಲಿ ಚೆಲುವಿನ ಲಕ್ಷಣ. ಎಳೆ ಮಗುವಿನ ಮೆತ್ತನೆಯ ತಲೆಯನ್ನು ತಾಯಂದಿರು ನಯವಾಗಿ ಒತ್ತಿ ತೀಡುವ ರೂಢಿಯೂ ಇತ್ತು. ಕುತ್ತಿಗೆಯ ಉಂಗುರಗಳು ಒಡವೆಯಲ್ಲ. ಮೈಕೈ ತುಂಬಿಕೊಂಡ, ಆರೋಗ್ಯವಾಗಿರುವ ಹೆಣ್ಣಿನ ಕುತ್ತಿಗೆಯ ಮಡಿಕೆಗಳು ಅವು. ಕೊಳವೆಯಂಥ ಮೈ, ಪುಟ್ಟ ಮೊಲೆ, ಹೊಕ್ಕುಳ, ಎರಡೂ ಕಡೆ ನೇರ ಚಾಚಿದ ಮೊಂಡು ಕೈ, ಕಾಲಿನ ಬದಲು ಅಗಲವಾದ ತಳ. ತಲೆ ಮಗುವಿನಷ್ಟು ದೊಡ್ಡದು, ಮೈ ಮಾತ್ರ ಬೆಳೆದ ಹೆಣ್ಣಿನದು. ಬೆನ್ನಿಗೆ ಕಟ್ಟಿದಾಗ ಮೈಯೆಲ್ಲ ಬಟ್ಟೆಯೊಳಗೆ ಹೋಗಿ ತಲೆ ಮಾತ್ರ ಹೊರಗೆ ಕಾಣುತ್ತಿತ್ತು. ಕೆತ್ತುವವರು ತಲೆಗೆ ಅಷ್ಟು ಜಾಗ ಕೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಮೊಲೆ ಇರುವುದನ್ನು ಗಮನಿಸಿದಿರಲ್ಲ, ಜೋಡಿ ಬೊಂಬೆಯ ಕಥೆಗೆ ಅಲ್ಲೇ ಉತ್ತರ ಇದೆ. ಅಕುವಾಬಾ ಬಹುಪಾಲು ಹೆಣ್ಣೇ. ಗಂಡಿನ ರೂಪ ಅಪರೂಪ. ಅಕುವಾಳಿಗೆ ಹುಟ್ಟಿದ್ದು ಹೆಣ್ಣು. ಅಸಾಂಟೆಯವರಲ್ಲಿ ವಂಶ, ಆಸ್ತಿ ನಡೆಯುವುದೂ ತಾಯಿಯ ಕಡೆಯಿಂದ, ಹೆಣ್ಣುಮಗು ಇಲ್ಲದಿದ್ದರೆ ಮನೆತನ ಮುಂದುವರಿಯುವುದಿಲ್ಲ. ದುಂಡಿಗೆ ಹೆಣ್ಣು, ಚೌಕಿಗೆ ಗಂಡು ಎಂಬುದು ಪ್ರವಾಸಿಗೆ ಒಂದರ ಬದಲು ಎರಡು ಮಾರಲು ಬಲು ಅನುಕೂಲದ ಮಾತು. ನಿಮ್ಮ ಚೌಕು ತಲೆಯದಕ್ಕೂ ಸಣ್ಣದಾಗಿ ಮೊಲೆಯ ಗುರುತಿದೆ, ಫೋಟೋ ದೊಡ್ಡದು ಮಾಡಿ ನೋಡಿ.

ಆ ಎರಡನೆಯ ಬೊಂಬೆಯ ವಿನ್ಯಾಸ ಫಾಂಟೆಯದು. ಉದ್ದನೆಯ ಚಪ್ಪಟೆ ತಲೆ, ಕೈ ಇಲ್ಲದ ತೆಳು ಮೈ, ತಲೆಯ ಹಿಂಭಾಗದಲ್ಲಿ ಗೀರಿದ ಗೆರೆಗಳ ಚಿತ್ತಾರ. ಮಾವನವರು ಕೊಂಡದ್ದು ಕುಮಾಸಿಯಲ್ಲಾದರೆ ಅದು ಕರಾವಳಿಯಿಂದ ಬಂದಿರಬಹುದು, ಕುಮಾಸಿಯವರೇ ಆ ಮಾದರಿಯಲ್ಲಿ ಕೆತ್ತಿರಲೂಬಹುದು. ಹಿಂಭಾಗದ ಗೆರೆಗಳು ಆಳದಲ್ಲೂ ಅಂತರದಲ್ಲೂ ಒಂದೇ ಸಮ ಇವೆ. ಕೈ ಚೆನ್ನಾಗಿ ಪಳಗಿದವನು, ಇಂಥವನ್ನು ಬೇಕಾದಷ್ಟು ಕೆತ್ತಿದವನು ಮಾಡಿದ ಕೆಲಸ. ಅದಕ್ಕಿಂತ ಹೆಚ್ಚು ಹೇಳಲು ಫೋಟೋ ಸಾಲದು.

ಮೂರನೆಯದು ಕಾಲಿರುವ ಬೊಂಬೆ. ಕಾಲು, ಪಾದ ಇರುವ ಪೂರ್ತಿ ಮೈಯ ಅಕುವಾಬಾಗಳು ಹೆಚ್ಚಾದದ್ದು 20ನೇ ಶತಮಾನದಲ್ಲಿ, ಅದರಲ್ಲೂ ಹೊರಗಿನವರು ಕೊಳ್ಳಲು ಶುರು ಮಾಡಿದ ಮೇಲೆ. ಕಾಲಿದ್ದ ಮಾತ್ರಕ್ಕೆ ಕೀಳೆಂದು ತಿಳಿಯಬೇಡಿ. ಓಸೆಯಿ ಬೊನ್ಸು (1900–1977) ಎಂಬ ಹೆಸರಾಂತ ಅಸಾಂಟೆ ಕೆತ್ತನೆಗಾರ ಇದ್ದರು. ಅಸಾಂಟೆ ಅರಸರ ಅರಮನೆಗೂ ಕೆತ್ತಿದವರು, ಘಾನಾದ ಅಚಿಮೊಟಾ ಕಾಲೇಜಿನಲ್ಲಿ ಕೆತ್ತನೆ ಕಲಿಸಿದವರು. ಅವರ ಕಾಲದಲ್ಲೇ ಹಳೆಯ ರೂಢಿ, ಹೊಸ ಗಿರಾಕಿ ಎರಡೂ ಒಟ್ಟೊಟ್ಟಿಗೆ ನಡೆದಿದ್ದವು. ಆದರೆ ನಿಮ್ಮದು ಆ ದರ್ಜೆಯದಲ್ಲ. ಎರಡು ಕಾಲಿನ ನಡುವಿನ ಜಾಗವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿದ ಗೀರುಗಳು ಸಾಲಾಗಿ ಹಾಗೇ ಉಳಿದಿವೆ. ಮೇಲಿನ ಹೊಳಪು ಪಾಲಿಶಿನದು. ಭಾರ ಬೇರೆ ಇದೆ ಅನ್ನುತ್ತೀರಿ, ಅಂದರೆ ಮರವೇ ಗಟ್ಟಿ ಜಾತಿಯದು. ಅಂಗಡಿಗಾಗಿಯೇ ಮಾಡಿದ ಮಾಲು.

ಬೊನ್ಸು ಹೆಸರು ತೆಗೆದದ್ದಕ್ಕೆ ಒಂದು ಎಚ್ಚರಿಕೆ. ನಾಳೆ ಯಾರಾದರೂ “ಇದು ಅವರದೇ ಕೆತ್ತನೆ” ಎಂದು ಬಂದರೆ ಕೂಡಲೇ ನಂಬಬೇಡಿ, ಖುಷಿಯನ್ನೂ ಪಡಬೇಡಿ. ಈ ಬೊಂಬೆಗಳಿಗೆ ಸಹಿ ಹಾಕುವ ಪದ್ಧತಿ ಇರಲಿಲ್ಲ. ಒಬ್ಬ ಕೆತ್ತನೆಗಾರನ ಕೈ ಗುರುತಿಸಬೇಕಾದರೆ ಅವನದೇ ಎಂದು ದಾಖಲೆ ಇರುವ ಹಲವು ವಸ್ತುಗಳನ್ನು ಪಕ್ಕದಲ್ಲಿಟ್ಟು ಕಣ್ಣಿನ ಆಕಾರ, ಕಿವಿ ಕೆತ್ತಿದ ಬಗೆ, ಉಂಗುರದ ಅಂಚು, ತಳದ ಅಳತೆ ಎಲ್ಲವನ್ನೂ ಹೋಲಿಸಬೇಕು.

ವಯಸ್ಸಿನ ವಿಷಯಕ್ಕೆ ಬಂದರೆ ನನ್ನ ಗಮನ ಪೂರ್ತಿ ಮೊದಲನೆಯ ಬೊಂಬೆಯ ಮೇಲೆ. ಒಂದು ಒಳ್ಳೆಯ ಭೂತಕನ್ನಡಿ, ಒಂದು ಟಾರ್ಚು ತೆಗೆದುಕೊಳ್ಳಿ. ಟಾರ್ಚನ್ನು ಪಕ್ಕದಿಂದ, ಮೈಗೆ ತಾಗುವಷ್ಟು ಹತ್ತಿರ ಹಿಡಿಯಿರಿ. ಆಗ ಉಳಿಯ ಗುರುತುಗಳು ನೆರಳಾಗಿ ಎದ್ದು ಕಾಣುತ್ತವೆ.

ಕುತ್ತಿಗೆಯ ಉಂಗುರಗಳ ಸಂದಿ ನೋಡಿ. ಕೈಯಲ್ಲಿ ಓಡಾಡಿದ ಬೊಂಬೆಯ ಸಂದಿಯಲ್ಲಿ ಕೊಳೆ ಗಟ್ಟಿಯಾಗಿ, ಪದರ ಪದರವಾಗಿ ಕೂತಿರುತ್ತದೆ, ಹಲ್ಲುಕಡ್ಡಿ ತಾಗಿಸಿದರೂ ಸುಲಭಕ್ಕೆ ಬರುವುದಿಲ್ಲ. ಹಳೆಯದರ ಹಾಗೆ ಕಾಣಲೆಂದು ಮಾಡಿದ್ದರಲ್ಲಿ ಅಲ್ಲಿ ಸಡಿಲವಾದ ಮಸಿ ಅಥವಾ ಮಣ್ಣು ಬೆರೆಸಿದ ಮೇಣ ಇರುತ್ತದೆ. ಕಪ್ಪು ಬೂಟ್ ಪಾಲಿಶ್ ಬಳಸುವವರು ತುಂಬ ಜನ, ಮುಚ್ಚಿದ ಡಬ್ಬದಲ್ಲಿ ಎರಡು ದಿನ ಇಟ್ಟು ಮುಚ್ಚಳ ತೆಗೆದರೆ ಮೂಗಿಗೇ ಗೊತ್ತಾಗುತ್ತದೆ. ಪೊಟಾಷಿಯಂ ಪರ್ಮಾಂಗನೇಟ್ ಹಚ್ಚಿ ಮರವನ್ನು ಕಂದು ಮಾಡುವುದೂ ಉಂಟು, ಅದು ಬಿರುಕಿನೊಳಗೂ ಇಳಿದು ಎಲ್ಲ ಕಡೆ ಒಂದೇ ಬಣ್ಣ ಬರುತ್ತದೆ.

ಆಮೇಲೆ ಸವೆತ. ನಿಮ್ಮ ಬೊಂಬೆಯ ಬಲಗೈ ತುದಿ ನುಣ್ಣಗೆ ಸವೆದಿದೆ, ಎಡಗೈ ಅಂಚು ಇನ್ನೂ ಚೂಪಾಗಿದೆ. ತಲೆಯ ಹಿಂದಿನ ಗೀರುಗಳು ನಡುವೆ ಮಾಸಿವೆ, ಅಂಚಿನಲ್ಲಿ ಸ್ಪಷ್ಟವಾಗಿವೆ. ಹೀಗೆ ಎಲ್ಲೋ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಇದ್ದರೆ ಒಳ್ಳೆಯದು. ಬೇಕೆಂದೇ ಸವೆಸಿದವರು ಮೂಗು, ಮೊಲೆ, ಕೈ ಎಂದು ಎದ್ದು ಕಾಣುವ ಜಾಗವನ್ನೆಲ್ಲ ಸಮನಾಗಿ ಉಜ್ಜಿಬಿಡುತ್ತಾರೆ. ಭೂತಕನ್ನಡಿಯಲ್ಲಿ ಆ ಬಲಗೈ ತುದಿಯಲ್ಲಿ ಒಂದೇ ದಿಕ್ಕಿನ ಗೀರುಗಳು ಕಂಡರೆ ಉಪ್ಪುಕಾಗದದ ಕೆಲಸ. ಗೀರಿಲ್ಲದೆ ಬರೀ ಮಿರುಗು ಕಂಡರೆ ಕೈ ತಾಗಿ ತಾಗಿ ಆದದ್ದು. ಇನ್ನೊಂದು ಮಾತು. ಮೊದಲೆಲ್ಲ ಉಪ್ಪುಕಾಗದದ ಬದಲು ಒರಟು ಎಲೆಯಿಂದಲೇ ಮರ ಉಜ್ಜುತ್ತಿದ್ದರು. ನಮ್ಮಲ್ಲಿ ಗರಗತ್ತಿ ಅನ್ನುತ್ತಾರಲ್ಲ, ಆ ಜಾತಿಯ ಮರ ಪಶ್ಚಿಮ ಆಫ್ರಿಕಾದಲ್ಲೂ ಇದೆ. ಎಲೆ ಬಿಡುವ ಗೀರು ತುಂಬಾ ಸಣ್ಣದು, ಸಾಲಾಗಿರುವುದಿಲ್ಲ.

ಮಣಿಸರವನ್ನು ಬಿಚ್ಚಬೇಡಿ, ಸ್ವಲ್ಪ ಸರಿಸಿ ಅಡಿಯಲ್ಲಿ ನೋಡಿ. ದಾರ ಕೂತಿದ್ದ ಜಾಗದಲ್ಲಿ ಸಣ್ಣ ಹಳ್ಳದ ಗೆರೆ ಬಿದ್ದಿದ್ದರೆ, ಅಲ್ಲಿನ ಕಪ್ಪು ಸುತ್ತಲಿಗಿಂತ ಬೇರೆಯಾಗಿದ್ದರೆ ಮಣಿ ಬಹಳ ಕಾಲದಿಂದ ಅಲ್ಲೇ ಇದೆ. ದಾರ ನೈಲಾನಿನದಾದರೆ ಈಚೆಗೆ ಪೋಣಿಸಿದ್ದು, ಆದರೆ ಹಳೆಯ ದಾರ ಹರಿದು ಮತ್ತೆ ಪೋಣಿಸಿರಲೂಬಹುದು. ಮಣಿಗಳಿಂದ ಬೊಂಬೆಯ ವಯಸ್ಸು ಹೇಳಲು ಆಗುವುದಿಲ್ಲ. ಯುರೋಪಿನಿಂದ ವ್ಯಾಪಾರಕ್ಕೆ ಬಂದ ಗಾಜಿನ ಮಣಿಗಳು, ಘಾನಾದ ಕ್ರೋಬೊ ಜನರು ಗಾಜಿನ ಪುಡಿಯನ್ನು ಮಣ್ಣಿನ ಅಚ್ಚಿನಲ್ಲಿ ಸುಟ್ಟು ಮಾಡುವ ಮಣಿಗಳು ಎಲ್ಲ ಕೈಯಿಂದ ಕೈಗೆ ತಿರುಗುತ್ತಲೇ ಇರುತ್ತವೆ. ಹಳೆಯ ಮಣಿ ಹೊಸ ಬೊಂಬೆಯ ಕುತ್ತಿಗೆಗೆ ಬರುವುದು ಏನೂ ಕಷ್ಟವಲ್ಲ. ತಲೆಯ ಅಂಚಿನಲ್ಲಿರುವ ಸಣ್ಣ ತೂತುಗಳು ಮಾತ್ರ ಮೂಲದವೇ ಇರಬಹುದು, ಅಲ್ಲಿಂದಲೂ ಮಣಿ ಇಳಿಬಿಡುವ ರೂಢಿ ಇತ್ತು. ತೂತಿನ ಬಾಯಿ ಸವೆದಿದೆಯೇ ಎಂದು ನೋಡಿ.

ಬಿರುಕು ಬಿಟ್ಟಿದೆ, ಹಾಗಾಗಿ ಹಳೆಯದು ಎಂದು ಯಾರಾದರೂ ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ಹಸಿ ಮರ ಕೆತ್ತಿ ಒಣ ಹವೆಗೆ ತಂದರೆ ಕೆಲವೇ ತಿಂಗಳಲ್ಲಿ ಬಿರುಕು ಬಿಡುತ್ತದೆ. ಬಿರುಕಿನ ಒಳಗೋಡೆ ಬೆಳ್ಳಗಿದ್ದರೆ ಕಪ್ಪು ಮಾಡಿದ ಮೇಲೆ ಬಿಟ್ಟ ಬಿರುಕು, ಅಷ್ಟೇ ಗೊತ್ತಾಗುವುದು.

ಲ್ಯಾಬಿಗೆ ಕಳಿಸಿ ಕಾರ್ಬನ್ ಪರೀಕ್ಷೆ ಮಾಡಿಸಬಹುದಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಇಂಥ ವಸ್ತುವಿಗೆ ಅದರಿಂದ ಸಿಗುವುದು ಕಮ್ಮಿ. ಸುಮಾರು 1650ರಿಂದ 1950ರ ನಡುವಿನ ಮರಕ್ಕೆ ಆ ಪರೀಕ್ಷೆ ಸ್ಪಷ್ಟ ವರ್ಷ ಕೊಡುವುದಿಲ್ಲ, 1700 ಎಂದೂ ಹೇಳುತ್ತದೆ 1900 ಎಂದೂ ಹೇಳುತ್ತದೆ. 1950ರ ದಶಕದ ನಂತರ ಬೆಳೆದ ಮರವಾದರೆ ಗೊತ್ತಾಗುತ್ತದೆ, ಏಕೆಂದರೆ ಅಣುಬಾಂಬು ಪರೀಕ್ಷೆಗಳಿಂದ ಗಾಳಿಯಲ್ಲಿ ವಿಕಿರಣ ಕಾರ್ಬನ್ ಹೆಚ್ಚಾಗಿತ್ತು. ಅದೂ ಮರ ಬೆಳೆದ ಕಾಲ, ಕೆತ್ತಿದ ಕಾಲ ಅಲ್ಲ. ಇಷ್ಟಕ್ಕೆ ಬೊಂಬೆಯಿಂದ ಚೂರು ಮರ ಕಿತ್ತು ಕೊಡಬೇಕು, ದುಡ್ಡೂ ಕೊಡಬೇಕು. ನನ್ನ ಮಾತು ಕೇಳುವುದಾದರೆ ಬೇಡ.

ಅದಕ್ಕಿಂತ ಗಟ್ಟಿ ಸಾಕ್ಷಿ ನಿಮ್ಮ ಮನೆಯಲ್ಲೇ ಇರಬಹುದು. ಮಾವನವರ ಹಳೆಯ ಆಲ್ಬಂ ತೆಗೆಯಿರಿ. ಕುಮಾಸಿಯ ಮನೆಯಲ್ಲಿ, ಅಥವಾ ವಾಪಸ್ ಬಂದ ಹೊಸದರಲ್ಲಿ ತೆಗೆದ ಯಾವುದಾದರೂ ಫೋಟೋದಲ್ಲಿ ಶೋಕೇಸು ಕಾಣುತ್ತದೆಯೇ ನೋಡಿ. ಮುಂದೆ ಮಕ್ಕಳು ನಿಂತಿರುತ್ತಾರೆ, ಹಿಂದೆ ಮೂಲೆಯಲ್ಲಿ ಬೊಂಬೆ ಇರುತ್ತದೆ. ಅಂಥ ಒಂದು ಫೋಟೋ, ಪಾಸ್‌ಪೋರ್ಟಿನ ಸೀಲು, ಮನೆಗೆ ಬರೆದ ಕಾಗದದಲ್ಲಿ ಒಂದು ಸಾಲು, ಅಂಗಡಿಯ ಚೀಟಿ, ಯಾವುದು ಸಿಕ್ಕರೂ ಜೋಪಾನ. ಅತ್ತೆಯವರಿದ್ದರೆ ಎಲ್ಲಿ ಕೊಂಡದ್ದು, ಯಾರಾದರೂ ಕೊಟ್ಟದ್ದೇ ಎಂದು ಕೇಳಿ ದಿನಾಂಕ ಹಾಕಿ ಬರೆದಿಡಿ. ಮೂರನ್ನೂ ಬೇರೆ ಬೇರೆ ಕೇಳಿ. ದುಂಡು ತಲೆಯದನ್ನು ಶಿಷ್ಯರ ಮನೆಯವರು ಕೊಟ್ಟದ್ದು ಎಂದಾದರೆ ಕಥೆಯೇ ಬದಲಾಗುತ್ತದೆ.

ಫೋಟೋಗಳಿಂದ ನನಗೆ ಅನಿಸಿದ್ದು ಹೇಳುತ್ತೇನೆ. ಮೊದಲನೆಯದು ಅಸಾಂಟೆ ರೂಪದ್ದು, 20ನೇ ಶತಮಾನದ್ದು, ಮಾವನವರ ಕೈಗೆ ಬರುವ ಮೊದಲೇ ಸ್ವಲ್ಪ ಕಾಲ ಯಾರದೋ ಕೈಯಲ್ಲಿ ಓಡಾಡಿದಂತಿದೆ. ಗಾಜಿನ ಹಿಂದೆ ನಿಂತ ಬೊಂಬೆಯ ಒಂದೇ ಕೈ ಹಾಗೆ ಸವೆಯುವುದಿಲ್ಲ, ನಿಮ್ಮ ಮನೆಯ ಮಕ್ಕಳು ಆಡಿರದಿದ್ದರೆ! 19ನೇ ಶತಮಾನ ಅನ್ನಲು ಆಧಾರ ಏನೂ ಕಾಣುತ್ತಿಲ್ಲ. ಬಿಸಿಲು, ತೇವ, ಗೆದ್ದಲು ಇರುವ ಊರಿನಲ್ಲಿ ಇಂಥ ಮೆದು ಮರ ನೂರೈವತ್ತು ವರ್ಷ ಉಳಿಯುವುದೇ ಅಪರೂಪ. ಅಷ್ಟು ಹಳೆಯದು ಅನ್ನಬೇಕಾದರೆ ಯಾರು ಯಾವಾಗ ಎಲ್ಲಿಂದ ತಂದರು ಎಂಬ ದಾಖಲೆ ಬೇಕೇ ಬೇಕು.

ಎಣ್ಣೆ ಬೇಡ. ಕೊಬ್ಬರಿ ಎಣ್ಣೆ, ಅಗಸೆ ಎಣ್ಣೆ, ಪೀಠೋಪಕರಣದ ಪಾಲಿಶ್ ಯಾವುದೂ ಬೇಡ. ಹಚ್ಚಿದ ದಿನ ಚೆನ್ನಾಗಿ ಕಾಣುತ್ತದೆ. ಆಮೇಲೆ ಧೂಳು ಹಿಡಿದು ಜಿಗುಟಾಗುತ್ತದೆ. ನಾನು ಇಷ್ಟು ಹೊತ್ತು ವಿವರಿಸಿದ ಗುರುತುಗಳೆಲ್ಲ ಆ ಜಿಡ್ಡಿನಡಿ ಹೂತುಹೋಗುತ್ತವೆ. ಒದ್ದೆ ಬಟ್ಟೆ, ಸ್ಪಿರಿಟ್ ಕೂಡ ಹಾಕಬೇಡಿ. ಮೃದುವಾದ ಒಣ ಕುಂಚದಿಂದ ಧೂಳು ತೆಗೆಯಿರಿ, ಸಾಕು. ಕೆರೆದ ತಳಕ್ಕೆ ಬಣ್ಣ ಹಚ್ಚಿ ಮುಚ್ಚುವ ಆಸೆಯಾಗಬಹುದು, ಅದನ್ನೂ ಹಾಗೇ ಬಿಡಿ. ಬಿಸಿಲು ಬೀಳದ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಇಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದಿಲ್ಲ.

ಮಾರುವುದಾದರೆ ಅವಸರ ಬೇಡ. ನಮ್ಮ 1972ರ ಪುರಾವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ವಿದೇಶದ ವ್ಯಾಪಾರಿ ಸುಮ್ನೆ “19ನೇ ಶತಮಾನ” ಎಂದು ಬರೆದು ತರಿಸಿಕೊಂಡರೆ ಕಸ್ಟಮ್ಸಿನಲ್ಲಿ ಸಿಕ್ಕಿಬೀಳುವುದು ನಿಮ್ಮ ಹೆಸರು. ಅಷ್ಟು ಹಳೆಯದಲ್ಲದಿದ್ದರೂ ಭಾರತೀಯ ಪುರಾತತ್ವ ಇಲಾಖೆಯಿಂದ ಅದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆದು ಕಳಿಸುವುದು ಕ್ಷೇಮ. ಘಾನಾದಲ್ಲೂ 1969ರಿಂದ ಕಾನೂನಿದೆ, ಪುರಾವಸ್ತುಗಳನ್ನು ಹೊರಗೆ ಒಯ್ಯಲು ಅಲ್ಲಿನ ಮ್ಯೂಸಿಯಂ ಮತ್ತು ಸ್ಮಾರಕಗಳ ಮಂಡಳಿಯ ಅನುಮತಿ ಬೇಕು. ಅಂಗಡಿಯಲ್ಲಿ ಕೊಂಡ ಹೊಸ ಕೆತ್ತನೆಗೆ ಇದರ ತೊಂದರೆ ಇಲ್ಲ. ಪೂಜೆಗೆ ಬಳಸಿದ ಹಳೆಯ ಬೊಂಬೆ ಎಂದು ಮಾರಲು ಹೊರಟರೆ ಒಳ್ಳೆಯ ಗಿರಾಕಿಗಳು ಆ ಕಾಗದ ಕೇಳುತ್ತಾರೆ. ಕಾಗದ ಕೇಳದೆ ಕೊಳ್ಳುವವರು ಬೆಲೆಯನ್ನೂ ಸರಿಯಾಗಿ ಕೊಡುವುದಿಲ್ಲ.

ನನ್ನ ಸಲಹೆ: ಮೊದಲನೆಯದನ್ನು ಮಾರಬೇಡಿ, ಅಥವಾ ಕಡೇಪಕ್ಷ ಆಲ್ಬಂ ಹುಡುಕಿ ಮುಗಿಯುವವರೆಗೆ ಮಾರಬೇಡಿ. ಇಟ್ಟುಕೊಳ್ಳುವ ಮನಸ್ಸಿಲ್ಲದಿದ್ದರೆ ಆಫ್ರಿಕಾದ ವಸ್ತುಗಳಿರುವ ಯಾವುದಾದರೂ ಮ್ಯೂಸಿಯಂಗೆ ಫೋಟೋ, ಟಿಪ್ಪಣಿ ಸಮೇತ ಬರೆದು ಕೇಳಬಹುದು. ಅವರು ಒಪ್ಪುವುದು ಬಿಡುವುದು ಬೊಂಬೆಯಷ್ಟೇ ನಿಮ್ಮ ಟಿಪ್ಪಣಿಯ ಮೇಲೂ ನಿಂತಿರುತ್ತದೆ. ಎರಡನೆಯದರ ಹುಳು ಸತ್ತ ಮೇಲೆ ವರ್ಷಕ್ಕೊಂದು ಸಲ, ಮಳೆಗಾಲ ಮುಗಿದ ಕೂಡಲೇ, ಮತ್ತೆ ಕಪ್ಪು ಹಾಳೆಯ ಪರೀಕ್ಷೆ ಮಾಡಿ. ಮೂರನೆಯದನ್ನು ನೆಮ್ಮದಿಯಾಗಿ ಟೀವಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಅದಕ್ಕೆ ಬೇಕಿದ್ದರೆ ಪಾಲಿಶ್ ಕೂಡ ಮಾಡಬಹುದು.